ಮೊದಲನೆಯ ತೂತು ಯಾವುದು?

ಶೂಟಿಂಗ್ ರೇಂಜಿನ ಗುರಿ ಹಲಗೆಯ ಕಾಗದದಲ್ಲಿ ನನ್ನ ಕೋವಿಯ 18 ತೂತುಗಳಿದ್ದವು. ಪಕ್ಕದ ಬೆಂಚಿನಲ್ಲಿದ್ದ ಅಜ್ಜ ತಮ್ಮ ಸ್ಪಾಟಿಂಗ್ ಸ್ಕೋಪಿನಲ್ಲಿ (ದೂರದ ಗುರಿ ನೋಡುವ ದುರ್ಬೀನು) ಅದನ್ನು ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ಮೊದಲನೆಯದು ಯಾವುದು?" ಅಂತ ಕೇಳಿದರು. ನಾನು ಬಾಯಿ ತೆರೆದೆ, ಮುಚ್ಚಿದೆ. ಗೊತ್ತಿರಲಿಲ್ಲ. ಅವರು ತಲೆ ಆಡಿಸಿ ತಮ್ಮ ಕೆಲಸಕ್ಕೆ ಮರಳಿದರು. ಬುದ್ಧಿವಾದ ಹೇಳಲಿಲ್ಲ, ನಗಲೂ ಇಲ್ಲ. ಆದರೆ ಆ ಪ್ರಶ್ನೆ ಬೆರಳ ಸಂದಿಯಲ್ಲಿ ಸಿಕ್ಕ ಸಿಬಿರಿನ ಹಾಗೆ ನನ್ನ ಜೊತೆಗೇ ಮನೆಗೆ ಬಂತು. ಊಟಕ್ಕೆ ಕೂತಾಗಲೂ ಚುಚ್ಚುತ್ತಿತ್ತು. ಮೊದಲನೆಯದು ಯಾವುದಾದರೆ ಏನಂತೆ? ಕೊನೆಯ ಮೂರು ನಡುವಿಗೆ ಬಿದ್ದವಲ್ಲ, ಸಾಕಲ್ವಾ?

ಸಾಕಾಗಿರಲಿಲ್ಲ. ಅದರ ಹಿಂದಿನ ಶನಿವಾರವೂ ಕೊನೆಯ ಮೂರು ನಡುವಿಗೇ ಬಿದ್ದಿದ್ದವು. ಅವತ್ತು ನಡೆದದ್ದು ಹೀಗೆ. ಜುಲೈ ತಿಂಗಳು, ಮಧ್ಯಾಹ್ನ, 34 ಡಿಗ್ರಿ ಬಿಸಿಲು. ಹೊಸ ಕೋವಿ, ಅದರ ಮೇಲೆ ಗುರಿ ನೋಡುವ ಹೊಸ ಸ್ಕೋಪು, 20 ತೋಟಾಗಳ ಒಂದು ಡಬ್ಬಿ. 100 ಗಜದಲ್ಲಿ ಮೂರು ಈಡು ಹೊಡೆದೆ. ಗುರಿಯಿಂದ ಒಂದೂವರೆ ಇಂಚು ಕೆಳಗೆ ಬಿದ್ದವು. ಸ್ಕೋಪಿನ ತಿರುಗುಣಿಯನ್ನು ಆರು ಕ್ಲಿಕ್ ತಿರುಗಿಸಿದೆ. ಒಂದು ಕ್ಲಿಕ್ಕಿಗೆ ಕಾಲು ಇಂಚು, ಲೆಕ್ಕ ಸರಿ. ಮತ್ತೆ ಮೂರು ಹೊಡೆದೆ. ಈ ಸಲ ಗುರಿ ದಾಟಿ ಮೇಲೆ, ಸ್ವಲ್ಪ ಎಡಕ್ಕೆ. ಎರಡು ಕ್ಲಿಕ್ ಇಳಿಸಿ, ಎರಡು ಬಲಕ್ಕೆ ತಿರುಗಿಸಿದೆ. ಮತ್ತೆ ಮೂರು. ಮತ್ತೆ ಬೇರೆ ಕಡೆ. ಹೀಗೇ ನಾನು ತಿರುಗಿಸುವುದು, ಅದು ಸರಿಯುವುದು. 20 ನಿಮಿಷಕ್ಕೆ ಡಬ್ಬಿ ಖಾಲಿಯಾಗುವ ಹೊತ್ತಿಗೆ ಮೂರು ತೂತು ನಟ್ಟನಡುವೆ ಬಿದ್ದವು. ಖುಷಿಯಾಗಿ ಮನೆಗೆ ಬಂದೆ. ಮುಂದಿನ ಶನಿವಾರ ಬೆಳಿಗ್ಗೆ ಹೋಗಿ ಹೊಡೆದ ಮೊದಲ ಈಡು ಎರಡೂವರೆ ಇಂಚು ಕೆಳಗೆ, ಬಲಕ್ಕೆ. ಎರಡನೆಯದು ಸ್ವಲ್ಪ ಹತ್ತಿರ ಬಂತು. ನಾನು ಸ್ಕೋಪನ್ನು ಬೈದುಕೊಂಡು ಮತ್ತೆ ತಿರುಗಿಸಲು ಶುರು ಮಾಡಿದೆ. ಅಜ್ಜ ಪ್ರಶ್ನೆ ಕೇಳಿದ್ದು ಅವತ್ತೇ.

ಆವತ್ತು ರಾತ್ರಿ ತಲೆಗೆ ಹೊಳೆದದ್ದು ಇಷ್ಟು. ನಾನು ಬಿಸಿ ಕೋವಿಗೆ ಗುರಿ ಕೂರಿಸುತ್ತಿದ್ದೆ. ಬೇಟೆಯಲ್ಲಿ ಹೊಡೆಯುವುದು ತಣ್ಣಗಿನ ಕೋವಿಯಲ್ಲಿ. ಎರಡೂ ಒಂದೇ ಕೋವಿ ಅಂತ ನಾನು ನಂಬಿದ್ದೆ.

ಹಗುರದ ಆಸೆ

ನಾನಿರುವುದು ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಇಲ್ಲಿಂದ ಹೆದ್ದಾರಿ 14 ಹಿಡಿದು ಕ್ಯಾಮರಾನ್ ಪಾಸ್ ಹತ್ತಿ ಇಳಿದರೆ ವಾಲ್ಡನ್ ಎನ್ನುವ ಸಣ್ಣ ಊರು. ದಾರಿಯಲ್ಲಿ ಹತ್ತುವ ಆ ಪಾಸ್ 10,276 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 6,300 ಅಡಿ ಚಿಲ್ಲರೆ ಅಂತ ನೆನೆದರೆ ಇಲ್ಲಿ ಏದುಸಿರು ಬರುವುದು ಯಾಕೆ ಅಂತ ಗೊತ್ತಾಗುತ್ತದೆ. ಅಲ್ಲಿನ ಕಾಡುಗಳಲ್ಲಿ ಎಲ್ಕ್ ಇದೆ. ನಮ್ಮ ಕಡವೆಯ ದೊಡ್ಡಣ್ಣ ಅಂದುಕೊಳ್ಳಿ. ಬೆಳಗಿನ ಜಾವ ಹೊರಟು ಎರಡು ಮೂರು ಸಾವಿರ ಅಡಿ ಹತ್ತಬೇಕು. ಹೆಗಲಲ್ಲಿ ನೀರು, ಚಾಕು, ಹಗ್ಗ, ಬೆಚ್ಚನೆಯ ಬಟ್ಟೆ, ಜೊತೆಗೆ ಕೋವಿ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕೆಜಿ ಎಂದರೆ ಎಷ್ಟು ಅಂತ ಹೆಗಲಿಗೆ ಗೊತ್ತಾಗುತ್ತದೆ. ಹಾಗಾಗಿ ಎಲ್ಲರಿಗೂ ಹಗುರ ಕೋವಿಯ ಆಸೆ. ನನಗೂ.

(ಓದುಗರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬೇಟೆ ಕಾನೂನುಬದ್ಧ. ಲೈಸೆನ್ಸ್ ಬೇಕು, ಇಂಥ ಪ್ರಾಣಿ, ಇಂಥ ಜಾಗ, ಇಷ್ಟೇ ದಿನ ಅಂತ ಲೆಕ್ಕ ಇದೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ತರಗತಿಗೆ ಹೋಗಿ ಪಾಸಾಗಬೇಕು. ನಲವತ್ತು ದಾಟಿದ ನಾನು 12 ವರ್ಷದ ಹುಡುಗರ ಪಕ್ಕ ಕೂತು ಪರೀಕ್ಷೆ ಬರೆದೆ. ಒಬ್ಬಳು ಹುಡುಗಿ ನನಗಿಂತ ಜಾಸ್ತಿ ಮಾರ್ಕ್ಸ್ ತಗೊಂಡಳು. ಎಚ್-1ಬಿಯಲ್ಲಿ ಇರುವ ಗೆಳೆಯರಿಗೆ ಒಂದು ಮಾತು: ಆ ವೀಸಾದಲ್ಲಿರುವವರು ಕೋವಿ ಮುಟ್ಟುವ ಮೊದಲು ಫೆಡರಲ್ ಕಾನೂನು ಓದಿಕೊಳ್ಳಿ. ಸಾಮಾನ್ಯವಾಗಿ ನಿಷೇಧ, ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ನಾನು ಗ್ರೀನ್ ಕಾರ್ಡ್ ಬರುವವರೆಗೂ ಆ ಗೋಜಿಗೇ ಹೋಗಲಿಲ್ಲ.)

ನನ್ನ ಕೋವಿ 308 ವಿಂಚೆಸ್ಟರ್ ತೋಟಾದ್ದು. ಸ್ಕೋಪ್ ಇಲ್ಲದೆ 2.7 ಕೆಜಿ. ಅಷ್ಟು ಹಗುರ ಮಾಡಬೇಕಾದರೆ ಉಕ್ಕನ್ನು ಎಲ್ಲಿಂದಾದರೂ ತೆಗೆಯಲೇಬೇಕು. ಹೆಚ್ಚಿನದನ್ನು ತೆಗೆಯುವುದು ನಳಿಗೆಯಿಂದ. ಬಾಯಿಯ ಹತ್ತಿರ ನನ್ನ ಕೋವಿಯ ನಳಿಗೆ 15 ಮಿ.ಮೀ. ದಪ್ಪ. ಅದರ ನಡುವೆ 7.62 ಮಿ.ಮೀ. ತೂತು. ಉಳಿಯುವ ಗೋಡೆ ಮೂರೂವರೆ ಮಿ.ಮೀ.ಗಿಂತ ತುಸು ಜಾಸ್ತಿ. ಇಲ್ಲಿಯವರು ಇದನ್ನು ಪೆನ್ಸಿಲ್ ಬ್ಯಾರೆಲ್ ಅನ್ನುತ್ತಾರೆ. ಒಂದೇ ಜಾಗದಲ್ಲಿ ಮಲಗಿ ಇಡೀ ದಿನ ಗುರಿ ಹೊಡೆಯುವವರ ಕೋವಿಯ ನಳಿಗೆ ಮಾತ್ರ ನೀರಿನ ಪೈಪಿನಷ್ಟು ದಪ್ಪ ಇರುತ್ತದೆ. ಅದನ್ನು ಹೊತ್ತು ಕ್ಯಾಮರಾನ್ ಪಾಸ್ ಹತ್ತುವವರು ಯಾರೂ ಇಲ್ಲ.

ಬೈಟೂ ಕಾಫಿಯ ಲೆಕ್ಕ

ಒಂದು ಈಡಿಗೆ ನಳಿಗೆ ಎಷ್ಟು ಕಾಯುತ್ತದೆ? ಎಂಜಿನಿಯರ್ ಬುದ್ಧಿ, ಸುಮ್ನೆ ಇರಲು ಬಿಡಲಿಲ್ಲ. ಒಂದು 308 ತೋಟಾದಲ್ಲಿ ಸುಮಾರು 45 ಗ್ರೇನ್ ಮದ್ದು ಇರುತ್ತದೆ. ಮೂರು ಗ್ರಾಂಗೆ ಚೂರು ಕಡಿಮೆ. ಅದು ಸುಟ್ಟಾಗ ಹುಟ್ಟುವ ಶಕ್ತಿ 11 ಕಿಲೋಜೂಲ್ ಆಸುಪಾಸು. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಗುಂಡನ್ನು ಓಡಿಸುತ್ತದೆ. ದೊಡ್ಡ ಪಾಲು ಬಿಸಿ ಅನಿಲವಾಗಿ ಬಾಯಿಯಿಂದ ಹೊರಗೆ ಹೋಗುತ್ತದೆ. ಸುಮಾರು ಕಾಲು ಭಾಗ ನಳಿಗೆಯ ಉಕ್ಕಿಗೆ ಇಳಿಯುತ್ತದೆ. ಅಂದರೆ ಎರಡೂಮುಕ್ಕಾಲು ಕಿಲೋಜೂಲ್. 100 ಮಿ.ಲೀ. ನೀರನ್ನು ಆರೇಳು ಡಿಗ್ರಿ ಬಿಸಿ ಮಾಡುವಷ್ಟು. ದರ್ಶಿನಿಯಲ್ಲಿ ಕೊಡುವ ಒಂದು ಬೈಟೂ ಕಾಫಿ ಲೋಟ ಅಂದುಕೊಳ್ಳಿ. ಹತ್ತು ಈಡಿನಲ್ಲಿ ತಣ್ಣೀರು ಕುಡಿಯುವ ಕಾಫಿಯ ಬಿಸಿಗೆ ಬರುತ್ತದೆ.

ನನ್ನ ನಳಿಗೆ ಒಂದು ಕೆಜಿ ಚಿಲ್ಲರೆ ತೂಗುತ್ತದೆ. ಒಂದು ಈಡಿಗೆ ಐದಾರು ಡಿಗ್ರಿ ಏರಬೇಕು. ಎರಡೂವರೆ ಕೆಜಿಯ ದಪ್ಪ ನಳಿಗೆಯಾದರೆ ಅದರ ಅರ್ಧಕ್ಕಿಂತ ಕಡಿಮೆ. ಇದು ಸರಾಸರಿ ಮಾತ್ರ. ತೋಟಾ ಕೂರುವ ಹಿಂಭಾಗದ ಹತ್ತಿರ ಬಿಸಿ ಜಾಸ್ತಿ, ಬಾಯಿಯ ಕಡೆ ಬೇರೆ. ಆದರೂ ಲೆಕ್ಕ ಕಣ್ಣು ತೆರೆಸಿತು. 34 ಡಿಗ್ರಿ ಬಿಸಿಲಿನಲ್ಲಿ ನಳಿಗೆ ಮೊದಲೇ ಕಾದಿದೆ. ಅದಕ್ಕೆ 18 ಈಡು. ಅವತ್ತು ಬೆಂಚು ಬಿಡುವಾಗ ನಳಿಗೆಗೆ ಕೈ ತಗುಲಿ ಚುರ್ ಅಂದದ್ದು ನೆನಪಿದೆ. ಅದನ್ನು ನಾನು ಕೆಲಸ ಮಾಡಿದ ಗುರುತು ಅಂದುಕೊಂಡಿದ್ದೆ.

ಉಕ್ಕು ಕಾದರೆ ಹಿಗ್ಗುತ್ತದೆ, ಅದು ಎಲ್ಲರಿಗೂ ಗೊತ್ತು. ಎಲ್ಲ ಕಡೆ ಒಂದೇ ಸಮ ಹಿಗ್ಗಿದರೆ ತೊಂದರೆ ಇಲ್ಲ. ಆದರೆ ನಳಿಗೆ ತಯಾರಾಗುವಾಗ ಅದನ್ನು ಕೊರೆಯುತ್ತಾರೆ, ಬಡಿಯುತ್ತಾರೆ ಅಥವಾ ಒತ್ತಿ ಒಳಗೆ ಸುರುಳಿ ಗೆರೆ ಮೂಡಿಸುತ್ತಾರೆ, ಕೆಲವೊಮ್ಮೆ ಬಗ್ಗಿಸಿ ನೇರ ಮಾಡುತ್ತಾರೆ. ಆ ಬಿಗಿತ ಉಕ್ಕಿನ ಒಳಗೆ ಸ್ವಲ್ಪ ಉಳಿದುಬಿಡುತ್ತದೆ. ಬಿಸಿ ಮಾಡಿ ಬಿಗಿತ ಬಿಡಿಸುವ ಕೆಲಸವನ್ನೂ ಮಾಡುತ್ತಾರೆ. ಎಷ್ಟು ಚೆನ್ನಾಗಿ ಮಾಡಿದ್ದಾರೆ ಎನ್ನುವುದು ಗೊತ್ತಾಗುವುದು ಕಾದಾಗಲೇ. ಗೋಡೆ ಒಂದು ಕಡೆ ಕೂದಲೆಳೆಯಷ್ಟು ದಪ್ಪ ಇದ್ದರೂ ಸಾಕು, ನಳಿಗೆ ಕಾದ ಹಾಗೆಲ್ಲ ಒಂದು ಕಡೆಗೆ ವಾಲುತ್ತದೆ. ದಪ್ಪ ನಳಿಗೆಯೂ ವಾಲಬಹುದು, ಆದರೆ ಅದು ಕಾಯುವುದೇ ನಿಧಾನ, ಬಗ್ಗುವುದೂ ಕಷ್ಟ. ಪೆನ್ಸಿಲಿಗೆ ಆ ದಾಕ್ಷಿಣ್ಯ ಇಲ್ಲ.

ಇನ್ನೊಂದು, ಬಿಸಿ ಕಣ್ಣಿಗೆ ಮಾಡುವ ಮೋಸ. ಕಾದ ನಳಿಗೆಯಿಂದ ಬಿಸಿ ಗಾಳಿ ಏಳುತ್ತದೆ. ಸ್ಕೋಪು ಅದರ ಮೇಲೇ ಇದೆ. ಬೇಸಿಗೆಯ ಟಾರು ರಸ್ತೆ ದೂರದಲ್ಲಿ ನೀರು ನಿಂತ ಹಾಗೆ ಅಲುಗಾಡುತ್ತದಲ್ಲ, ಹಾಗೇ ಗುರಿ ಅಲುಗುತ್ತದೆ. ಇರುವ ಜಾಗದಲ್ಲಿ ಇಲ್ಲದೆ ಸ್ವಲ್ಪ ಆಚೆ ಕಾಣುತ್ತದೆ. ಗಾಳಿ ಬೀಸಿದರೆ ಕಡಿಮೆಯಾಗುತ್ತದೆ, ನಿಂತರೆ ಮತ್ತೆ ಶುರು. ಇದಕ್ಕೆ ಅಂತಲೇ ನಳಿಗೆಯ ಮೇಲೆ ಎಳೆದು ಕಟ್ಟುವ ಅಗಲದ ಪಟ್ಟಿ ಸಿಗುತ್ತದೆ. ಬಿಸಿ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅದು ನಳಿಗೆಯನ್ನು ತಣ್ಣಗೆ ಮಾಡುವುದಿಲ್ಲ, ಕಣ್ಣಿಗೆ ಮಾತ್ರ ಸಹಾಯ.

ಮೂರನೆಯದು ನನಗೆ ತೀರಾ ತಡವಾಗಿ ಹೊಳೆದದ್ದು. ಬಿಸಿ ನಳಿಗೆಗೆ ತೋಟಾ ತುಂಬಿ, ಬೋಲ್ಟ್ (ನಳಿಗೆಯ ಹಿಂಬಾಗಿಲು) ಮುಚ್ಚಿ, ಕನ್ನಡಕ ಒರೆಸಿಕೊಳ್ಳುತ್ತ, ಮರಳಿನ ಚೀಲ ಸರಿ ಮಾಡುತ್ತ ಎರಡು ನಿಮಿಷ ಕಳೆಯುವ ಅಭ್ಯಾಸ ನನಗಿತ್ತು. ಅಷ್ಟರಲ್ಲಿ ಒಳಗಿನ ಮದ್ದೂ ಬಿಸಿಯಾಗುತ್ತದೆ. ಬಿಸಿ ಮದ್ದು ಜೋರಾಗಿ ಸುಡುತ್ತದೆ, ಒತ್ತಡ ಏರುತ್ತದೆ, ಗುಂಡಿನ ವೇಗ ಬದಲಾಗುತ್ತದೆ. ಈಗ ಕೋವಿ ಬಿಸಿಯಾಗಿದ್ದರೆ ಎಲ್ಲ ಸಿದ್ಧವಾದ ಮೇಲೆಯೇ ತೋಟಾ ಒಳಗೆ ಹೋಗುತ್ತದೆ.

ದೊಡ್ಡಪ್ಪನ ಎಲೆಯಡಿಕೆ

ನಮ್ಮ ಮನೆಯಲ್ಲಿ ಇದ್ದದ್ದು ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಒಂಟಿ ನಳಿಗೆಯ ಕೇಪಿನ ಕೋವಿ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭತ್ತ ಹಾಲುಗಾಳಿಗೆ ಬಂದಾಗ ಹಂದಿ, ಅಡಿಕೆ ತೋಟಕ್ಕೆ ಮಂಗ. ದೊಡ್ಡಪ್ಪ ಗದ್ದೆ ಬದುವಿನ ಮಾಳದಲ್ಲಿ ಮಲಗುತ್ತಿದ್ದರು. ದಸರೆ ರಜದಲ್ಲಿ ನನಗೂ ಅಲ್ಲಿ ಮಲಗಲು ಅನುಮತಿ ಸಿಗುತ್ತಿತ್ತು. ಕಂಬಳಿ ವಾಸನೆ, ಲಾಟೀನಿನ ಹೊಗೆ, ದೂರದಲ್ಲಿ ಯಾರೋ ತಗಡು ಬಡಿಯುವ ಸದ್ದು. ಹಂದಿ ಬಂದ ಸುಳಿವು ಸಿಕ್ಕರೆ ದೊಡ್ಡಪ್ಪ ಗುಂಡು ಹಾಕದೆ ಬರೀ ಮದ್ದಿನ ಈಡು ಹೊಡೆಯುತ್ತಿದ್ದರು. ಇಡೀ ಕಣಿವೆ ಒಂದು ಸಲ ನಡುಗಿ ಸುಮ್ಮನಾಗುತ್ತಿತ್ತು. ಹೊಗೆಯ ವಾಸನೆ ಬೆಳಗಿನವರೆಗೂ ಕಂಬಳಿಯಲ್ಲಿ ಉಳಿಯುತ್ತಿತ್ತು.

ಒಂದು ರಾತ್ರಿ ಹಂದಿಗಳು ಈಡು ಕೇಳಿಯೂ ಹೋಗಲಿಲ್ಲ. ಗದ್ದೆಯ ಆಚೆ ತುದಿಯಲ್ಲಿ ಚಪ್ಪರಿಸುವ ಸದ್ದು ನಿಂತಿರಲಿಲ್ಲ. "ದೊಡ್ಡಪ್ಪ, ಇನ್ನೊಂದು ಹೊಡಿ" ಅಂತ ನಾನು ಕುಣಿದೆ. ಅವರು ಕೋವಿಯನ್ನು ಕಂಬಕ್ಕೆ ಒರಗಿಸಿದರು. ಹಿಂಗೈಯನ್ನು ನಳಿಗೆಯ ಬುಡಕ್ಕೆ ಮುಟ್ಟಿಸಿ ನೋಡಿದರು. ಚಂಚಿ ಬಿಚ್ಚಿದರು. ಎಲೆಯ ತೊಟ್ಟು ಮುರಿದು, ಬೆನ್ನಿನ ನಾರು ಎಳೆದು, ಸುಣ್ಣ ಸವರಿ, ಅಡಿಕೆ ಹೋಳನ್ನು ಬಾಯಿಗೆ ಹಾಕಿಕೊಂಡರು. ನಾನು ಕುದಿಯುತ್ತಿದ್ದೆ. ಹಂದಿಗಳು ನಮ್ಮ ಭತ್ತ ತಿನ್ನುತ್ತಿವೆ, ಇವರು ಎಲೆಯಡಿಕೆ ಹಾಕುತ್ತಿದ್ದಾರೆ! "ಒಳಗೆ ಕೆಂಡ ಇರ್ತದೆ ಮಗ. ಈಗ ಮದ್ದು ಸುರಿದ್ರೆ ನನ್ನ ಕೈ ಹೋಗ್ತದೆ" ಅಂದರು. ಎಲೆಯಡಿಕೆ ಕೆಂಪಾಗಿ ಉಗಿದ ಮೇಲೆ, ಒದ್ದೆ ಬಟ್ಟೆ ಸುತ್ತಿದ ಸರಳನ್ನು ನಳಿಗೆಯೊಳಗೆ ಒಮ್ಮೆ ಓಡಿಸಿ, ಆಮೇಲೆ ಮದ್ದು ಅಳೆದು ಹಾಕಿದರು. ತೆಂಗಿನ ನಾರು ತುರುಕಿ ಜಡಿದರು. ಕೇಪು ಕೂರಿಸಿದರು. ಅಷ್ಟರಲ್ಲಿ ಹಂದಿಗಳು ಹೊಟ್ಟೆ ತುಂಬಿಸಿಕೊಂಡು ಹೋಗಿದ್ದವು. ಎರಡನೆಯ ಈಡು ಹೊಡೆಯಲೇ ಇಲ್ಲ.

ಅವರು ಹೇಳಿದ್ದು ನಿಜ. ಕರಿ ಮದ್ದು ಪೂರ್ತಿ ಸುಡುವುದಿಲ್ಲ. ಕಿಟ್ಟ ಉಳಿಯುತ್ತದೆ, ಅದರಲ್ಲಿ ಕಿಡಿ ಅಡಗಿರಬಹುದು. ಹೊಸ ಮದ್ದು ಬಿದ್ದರೆ ಮುಖಕ್ಕೇ ಹೊತ್ತಿಕೊಳ್ಳಬಹುದು. ಒದ್ದೆ ಬಟ್ಟೆ ಓಡಿಸುವುದು ಇವತ್ತಿಗೂ ಇಲ್ಲಿನ ಮಜಲ್‌ಲೋಡರ್ (ಬಾಯಿಯಿಂದ ಮದ್ದು ತುಂಬುವ ಕೋವಿ) ಬೇಟೆಗಾರರು ಪಾಲಿಸುವ ಕ್ರಮ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು, ಬೇರೆ ಅಳತೆಗೆ ತಗೊಂಡು ಹಾಕಬೇಕು ಎನ್ನುವುದೂ ಇದೇ ಕಾರಣಕ್ಕೆ. ಆ ಕೋವಿಯಲ್ಲಿ ಅವಸರ ಮಾಡಲು ಆಗುತ್ತಲೇ ಇರಲಿಲ್ಲ. ನನ್ನ ಈಗಿನ ಕೋವಿಯಲ್ಲಿ ಐದು ತೋಟಾ 20 ಸೆಕೆಂಡಿನಲ್ಲಿ ಮುಗಿಸಬಹುದು. ತಡೆಯುವವರು ಯಾರೂ ಇಲ್ಲ.

ಹತ್ತು ರೂಪಾಯಿ ನೋಟು

ಇಷ್ಟೆಲ್ಲ ಓದಿ, ಲೆಕ್ಕ ಹಾಕಿ, ತಪ್ಪನ್ನೆಲ್ಲ ಬಿಸಿಯ ತಲೆಗೆ ಕಟ್ಟಿ ನಾನು ನೆಮ್ಮದಿಯಾಗಿದ್ದೆ. ಆಮೇಲೆ ಗೊತ್ತಾಯಿತು, ಅರ್ಧ ತಪ್ಪು ನಳಿಗೆಯದಲ್ಲ.

ಮೊದಲನೆಯದು ಕೋವಿಯ ಹಿಡಿ, ಅಂದರೆ ನಳಿಗೆ ಕೂರುವ ಮೈ. ಹಗುರ ಕೋವಿಗೆ ಪ್ಲಾಸ್ಟಿಕ್ಕಿನ ಹಗುರ ಹಿಡಿ. ನಳಿಗೆ ಅದರ ಮುಂಭಾಗದ ತೋಡಿನಲ್ಲಿ ಎಲ್ಲೂ ತಾಗದೆ ತೇಲುತ್ತಿರಬೇಕು. ಕೆಲವು ತಯಾರಕರು ಬೇಕೆಂದೇ ತುದಿಯಲ್ಲಿ ಒಂದು ಕಡೆ ತಾಗಿಸುತ್ತಾರೆ, ಆ ಮಾತು ಬೇರೆ. ನನ್ನದು ತೇಲಬೇಕಾದದ್ದು. ಪರೀಕ್ಷೆ ಸುಲಭ: ನಳಿಗೆಗೂ ಹಿಡಿಗೂ ನಡುವೆ ಒಂದು ನೋಟು ತೂರಿಸಿ ಹಿಂದಕ್ಕೆ ಎಳೆಯುತ್ತ ಹೋಗಬೇಕು. ಇಲ್ಲಿಯವರು ಡಾಲರ್ ನೋಟು ಬಳಸುತ್ತಾರೆ. ನನ್ನ ಪರ್ಸಿನ ಒಳ ಜೇಬಿನಲ್ಲಿ ಕೆಂಪೇಗೌಡ ನಿಲ್ದಾಣದಲ್ಲಿ ಉಳಿದ ಹತ್ತು ರೂಪಾಯಿ ನೋಟು ಇತ್ತು. ತುದಿಯಿಂದ ಚೆನ್ನಾಗಿಯೇ ಸರಿಯಿತು. ನಾಲ್ಕು ಬೆರಳು ಹಿಂದೆ ಎಡಗಡೆ ಸಿಕ್ಕಿಕೊಂಡಿತು. ಇನ್ನೊಂದು ಸಲ ಎಳೆದೆ, ಅಲ್ಲೇ ಸಿಕ್ಕಿತು. ಮರಳಿನ ಚೀಲದ ಮೇಲಿಟ್ಟು ಮೇಲಿಂದ ಸ್ವಲ್ಪ ಒತ್ತಿದರೆ ಹಿಡಿ ಬಾಗಿ ನಳಿಗೆಗೆ ಇನ್ನಷ್ಟು ಅಪ್ಪಿಕೊಳ್ಳುತ್ತಿತ್ತು. ತಣ್ಣಗಿರುವಾಗ ಬರೀ ತಾಗುತ್ತಿದ್ದದ್ದು, ಕಾದಾಗ ತಳ್ಳುತ್ತಿತ್ತು. ಒಂದು ದುಂಡು ಕೋಲಿಗೆ ಉಪ್ಪುಕಾಗದ ಸುತ್ತಿ, ಒಂದು ಭಾನುವಾರ ಮಧ್ಯಾಹ್ನ ಕೂತು ಆ ಜಾಗ ಉಜ್ಜಿದೆ. ಎರಡು ನೋಟು ಮಡಿಸಿದರೂ ಸರಿದು ಹೋಗುವವರೆಗೆ. ಹೆಂಡತಿ ಬಂದು ನೋಡಿ, "ಇಷ್ಟು ದುಡ್ಡು ಕೊಟ್ಟು ತಂದದ್ದನ್ನ ನೀವೇ ಉಜ್ಜಬೇಕಾ?" ಅಂದಳು. ಉತ್ತರ ಇರಲಿಲ್ಲ.

ಇನ್ನೊಂದು ತಪ್ಪು ಹೆಗಲಿನದು. ಹಗುರ ಕೋವಿ ಜೋರಾಗಿ ಒದೆಯುತ್ತದೆ. ಹತ್ತು ಈಡು ಆಗುವಷ್ಟರಲ್ಲಿ ನನ್ನ ಬೆರಳು ಟ್ರಿಗರ್ ಒತ್ತುವ ಮೊದಲೇ ಹೆಗಲು ಗಟ್ಟಿಯಾಗುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. ಗೆಳೆಯನೊಬ್ಬನಿಗೆ ತೋಟಾ ತುಂಬಲು ಹೇಳಿ, ನನಗೆ ಗೊತ್ತಿಲ್ಲದ ಹಾಗೆ ಒಮ್ಮೊಮ್ಮೆ ಖಾಲಿ ಬಿಡಲು ಹೇಳಿದೆ. ಖಾಲಿ ಕೋವಿ ಟಕ್ ಅಂದಾಗ ನಳಿಗೆಯ ಬಾಯಿ ನೆಲ ನೋಡಿತು. ನಾಚಿಕೆಯಾಯಿತು.

ಮೂರನೆಯದು ಇನ್ನೂ ಸೂಕ್ಷ್ಮ. ಮೂರು ತೂತು ನೋಡಿ ಏನನ್ನಾದರೂ ಹೇಳುವುದು ಮೂರು ಸಲ ಕವಡೆ ಎಸೆದು ಭವಿಷ್ಯ ಹೇಳಿದ ಹಾಗೆ. ಒಳ್ಳೆಯ ಕೋವಿಯೂ ಒಂದು ಇಂಚು ಒಂದೂವರೆ ಇಂಚಿನ ವೃತ್ತದೊಳಗೆ ಎಲ್ಲಿ ಬೇಕಾದರೂ ಹಾಕುತ್ತದೆ. ಮೂರೇ ಹೊಡೆದರೆ ಅವು ಎಡಕ್ಕೆ ಗುಂಪಾಗಬಹುದು, ಮುಂದಿನ ಮೂರು ಬಲಕ್ಕೆ. ನಾನು ಅದನ್ನು "ನಳಿಗೆ ಸರಿಯಿತು" ಅಂದುಕೊಂಡು ತಿರುಗುಣಿಗೆ ಕೈ ಹಾಕಿದೆ. ನಿಜವಾಗಿ ಏನೂ ಸರಿದಿರಲಿಲ್ಲ, ಬರೀ ಚದುರಿತ್ತು. ಇಲ್ಲಿನ ಬಹಳ ಜನ ಬೇಟೆಗಾರರು ನಳಿಗೆ ಕಾದು ಓಡಿತು ಅಂತ ಹೇಳುವ ಕಥೆಗಳಲ್ಲಿ ದೊಡ್ಡ ಪಾಲು ಇದೇ ಅಂತ ನನ್ನ ಅನುಮಾನ.

ಹಾಗಾಗಿ ಎರಡು ಕಾಗದ ಅಂಟಿಸಿದೆ. ಎಡಗಡೆ ತಣ್ಣಗಿನದು, ಬಲಗಡೆ ಬಿಸಿಯದು. ಪ್ರತಿ ಶನಿವಾರ ಬೆಳಿಗ್ಗೆ ಎಡ ಕಾಗದಕ್ಕೆ ಮೂರು, ಒಂದೊಂದರ ನಡುವೆ ಹತ್ತು ಹದಿನೈದು ನಿಮಿಷ. ಆಮೇಲೆ ಬೇರೆ ಗುರಿಗೆ ಐದು ಬೇಗ ಬೇಗ ಹೊಡೆದು ನಳಿಗೆ ಕಾಯಿಸಿ, ಬಲ ಕಾಗದಕ್ಕೆ ಮೂರು. ಸ್ಕೋಪು ಮುಟ್ಟುವಂತಿಲ್ಲ. ಅವೇ ಕಾಗದಗಳನ್ನು ಮನೆಗೆ ತಂದು ಮುಂದಿನ ವಾರ ಮತ್ತೆ ಅಂಟಿಸುವುದು. ಐದು ವಾರಕ್ಕೆ ಎರಡರಲ್ಲೂ 15 ತೂತು. ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟು ನೋಡಿದೆ. ಬಿಸಿಯ ಗುಂಪು ತಣ್ಣಗಿನದಕ್ಕಿಂತ ಅಗಲ. ಅದರ ನಡು ಮುಕ್ಕಾಲು ಇಂಚು ಮೇಲೆ, ಚೂರು ಎಡಕ್ಕೆ. ಹಿಡಿ ಉಜ್ಜಿದ ಮೇಲಿನ ಲೆಕ್ಕ ಇದು. ಮೊದಲು ನಾನು ಕಂಡ ಎರಡೂವರೆ ಇಂಚಿನಲ್ಲಿ ಬಿಸಿಯ ಪಾಲು ಇಷ್ಟೇ. ಉಳಿದದ್ದು ಹಿಡಿ, ಹೆಗಲು, ಮತ್ತೆ ನನ್ನ ಆತುರ.

ಕಾಯುವ ಬಗೆಗಳು

ತಣಿಸಲು ಇಲ್ಲಿ ಜನ ಏನೇನೋ ಮಾಡುತ್ತಾರೆ. ಒದ್ದೆ ಟವೆಲ್ ಸುತ್ತುತ್ತಾರೆ. ಕೈಯಗಲದ ಬ್ಯಾಟರಿ ಫ್ಯಾನು ಸಿಗುತ್ತದೆ, ತೋಟಾ ಕೂರುವ ಜಾಗಕ್ಕೆ ಇಟ್ಟರೆ ನಳಿಗೆಯೊಳಗೆ ಗಾಳಿ ಓಡಿಸುತ್ತದೆ. ನನಗೆ ಹಿಡಿಸಿದ್ದು ಖರ್ಚಿಲ್ಲದ ಉಪಾಯ. ಬೋಲ್ಟ್ ತೆರೆದು, ಒಳಗೆ ತೋಟಾ ಇಲ್ಲ ಅಂತ ನೋಡಿ, ಬಾಯಿ ಮೇಲಾಗಿ ನೆರಳಿನಲ್ಲಿ ಸ್ಟ್ಯಾಂಡಿಗೆ ನಿಲ್ಲಿಸುವುದು. ಬಿಸಿ ಗಾಳಿ ಮೇಲೆ ಹೋಗುತ್ತದೆ, ಕೆಳಗಿಂದ ತಣ್ಣನೆಯದು ಒಳಗೆ ಬರುತ್ತದೆ. ಹಳೆಯ ಅಡುಗೆಮನೆಯ ಹೊಗೆಗೂಡಿನ ಹಾಗೆ. ತೆಳು ನಳಿಗೆಯ ಒಂದು ಗುಣ ಇದು: ಬೇಗ ಕಾಯುತ್ತದೆ, ಬೇಗ ಆರುತ್ತದೆ ಕೂಡ. ರೇಂಜಿನಲ್ಲಿ "ಕೋಲ್ಡ್" (ಗುಂಡು ಹೊಡೆಯುವುದನ್ನು ನಿಲ್ಲಿಸಿ) ಅಂತ ಕೂಗಿದಾಗ ಎಲ್ಲರೂ ಕೋವಿ ಬಿಟ್ಟು ಹಳದಿ ಗೆರೆಯ ಹಿಂದೆ ನಿಲ್ಲಬೇಕು. ಮೊದಲು ಅದು ನನಗೆ ಕಿರಿಕಿರಿ. ಈಗ ಅದಕ್ಕೇ ಕಾಯುತ್ತೇನೆ.

ನಳಿಗೆಯ ಉದ್ದಕ್ಕೂ ಗೀರು ಕೊರೆಸಿದರೆ ತಂಪಾಗುತ್ತದೆ ಅಂತ ಕೆಲವರು ದುಡ್ಡು ಸುರಿಯುತ್ತಾರೆ. ಗೀರಿನಿಂದ ಗಾಳಿಗೆ ಸಿಗುವ ಮೈ ಹೆಚ್ಚುತ್ತದೆ, ಸರಿ. ಆದರೆ ಉಕ್ಕೂ ಕಡಿಮೆಯಾಯಿತಲ್ಲ, ಕಾಯುವುದೂ ಬೇಗ. ಅಂದಕ್ಕೆ ಮಾಡಿಸಿದ್ದು ಅಂತ ಒಪ್ಪಿಕೊಂಡರೆ ನನ್ನ ತಕರಾರಿಲ್ಲ.

ಬಿಸಿ ಅಳೆಯಲು ಅಡುಗೆಮನೆಯ ಇನ್‌ಫ್ರಾರೆಡ್ ಥರ್ಮಾಮೀಟರ್ ತಗೊಂಡು ಹೋಗಿದ್ದೆ. ಹೊಳೆಯುವ ಸ್ಟೀಲ್ ನಳಿಗೆಗೆ ಹಿಡಿದರೆ ಅದು ಸುಳ್ಳು ಹೇಳುತ್ತದೆ. ಮುಟ್ಟಿದರೆ ಸುಡುತ್ತದೆ, ಇದು 38 ಅನ್ನುತ್ತದೆ. ಹೊಳಪಿನ ಲೋಹ ತನ್ನ ಬಿಸಿಯನ್ನು ಸರಿಯಾಗಿ ತೋರಿಸುವುದಿಲ್ಲ. ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿದರೆ ಸರಿಯಾದ ಅಂಕಿ ಬಂತು. ಈಗ ಅದನ್ನೂ ಬಿಟ್ಟಿದ್ದೇನೆ. ಹಿಂಗೈ ಇಟ್ಟು ನಿಧಾನಕ್ಕೆ ಐದು ಎಣಿಸುತ್ತೇನೆ. ಇಟ್ಟುಕೊಂಡಿರಲು ಆಗದಿದ್ದರೆ ಮುಂದಿನ ಈಡು ಇಲ್ಲ. ಆ ಹೊತ್ತಿಗೆ 22ರ ಸಣ್ಣ ಕೋವಿ ಜೊತೆಗೆ ಒಯ್ಯುತ್ತೇನೆ. ಅದು ಕಾಯುವುದೇ ಇಲ್ಲ ಅನ್ನಬಹುದು, ಒದೆಯುವುದೂ ಇಲ್ಲ. ದೊಡ್ಡದು ಆರುವವರೆಗೆ ಇದರಲ್ಲಿ ಇಪ್ಪತ್ತು ಹೊಡೆದರೆ ಬೆರಳು ಮತ್ತೆ ಮೆತ್ತಗಾಗುತ್ತದೆ.

ಅವಸರದ ಸಾಲವನ್ನು ನಳಿಗೆ ಇನ್ನೊಂದು ಕಡೆಯೂ ತೀರಿಸುತ್ತದೆ. ಮದ್ದಿನ ಬೆಂಕಿ 2,500 ಡಿಗ್ರಿಗೂ ಮೇಲೆ. ಉಕ್ಕು ಕರಗುವುದು 1,500ರ ಹತ್ತಿರ. ಬೆಂಕಿ ಇರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಅಷ್ಟೇ, ಹಾಗಾಗಿ ಬಚಾವು. ಆದರೆ ತೋಟಾದ ಮುಂದಿನ ಗಂಟಲಿನ ಮೈ ಪ್ರತಿ ಸಲವೂ ಸುಡುತ್ತದೆ. ಅಜ್ಜ ಒಂದು ದಿನ ಪುಟ್ಟ ಕ್ಯಾಮೆರಾ ತೂರಿಸಿ ತಮ್ಮ ಹಳೆಯ ಕೋವಿಯ ಗಂಟಲು ತೋರಿಸಿದರು. ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳ. ಚೌಕ ಚೌಕ ಬಿರುಕು. ಮೊದಲೇ ಕಾದ ನಳಿಗೆಗೆ ಹೊಡೆಯುತ್ತ ಹೋದರೆ ಈ ಬಿರುಕು ಬೇಗ ಮುಂದುವರಿಯುತ್ತದೆ.

ಈಗ ನನ್ನ ಮುಖ್ಯ ಕಾಗದ ಒಂದೇ. ರೇಂಜಿಗೆ ಹೋದ ಪ್ರತಿ ದಿನ ಮೊದಲ ಈಡು ಮಾತ್ರ ಅದಕ್ಕೆ. ಪೆನ್ಸಿಲಿನಲ್ಲಿ ಪಕ್ಕಕ್ಕೆ ತಾರೀಕು, ಆವತ್ತಿನ ಬಿಸಿಲು ಬರೆಯುತ್ತೇನೆ. ಬೇಸಿಗೆಯಿಂದ ಅಕ್ಟೋಬರಿನವರೆಗೆ ಅದರಲ್ಲಿ 11 ತೂತು ಆದವು. ಒಂದನ್ನು ಬಿಟ್ಟು ಉಳಿದವೆಲ್ಲ ಒಂದು ನಿಂಬೆಹಣ್ಣಿನ ಅಡಿ ಮುಚ್ಚಿಹೋಗುತ್ತವೆ. ಆ ಒಂದು ಸೆಪ್ಟೆಂಬರ್ 3ರದು. ಅವತ್ತು ಕಾಫಿ ಜಾಸ್ತಿ ಕುಡಿದಿದ್ದೆ. ಅಜ್ಜನಿಗೆ ತೋರಿಸಿದೆ. ಅವರು ಪೆನ್ಸಿಲಿನ ಅಂಕಿಗಳನ್ನು ಬೆರಳಿಟ್ಟು ಓದಿ, ಏನೂ ಹೇಳದೆ ತಮ್ಮ ಡಬ್ಬದಿಂದ ಒಂದು ಕುಕ್ಕಿ ಕೊಟ್ಟರು.

ಒಂದು ಈಡು

ಅಕ್ಟೋಬರ್ ನಡುವಿನ ಐದು ದಿನದ ಸೀಸನ್ನಿನಲ್ಲಿ, ನಾಲ್ಕನೆಯ ಬೆಳಿಗ್ಗೆ, ನನಗೆ ಒಂದು ಹೆಣ್ಣು ಎಲ್ಕ್ ಸಿಕ್ಕಿತು. ಸುಮಾರು 170 ಗಜ. ಅದನ್ನು ದೊಡ್ಡ ಕಥೆ ಮಾಡಲು ಮನಸ್ಸಿಲ್ಲ. ಒಂದೇ ಈಡು, ಮೂವತ್ತು ಹೆಜ್ಜೆಯೊಳಗೆ ಬಿತ್ತು. ಹತ್ತಿರ ಹೋಗಿ ಕೂತೆ, ಸ್ವಲ್ಪ ಹೊತ್ತು ಏನೂ ಮಾಡಲಾಗಲಿಲ್ಲ. ಅಭ್ಯಾಸಬಲದಿಂದ ಕೈಗವಸು ತೆಗೆದು ಹಿಂಗೈಯನ್ನು ನಳಿಗೆಗೆ ಇಟ್ಟೆ. ಹೊರಗೆ ಮೈನಸ್ 6. ನನ್ನ ಬೈಟೂ ಲೆಕ್ಕದ ಪ್ರಕಾರ ಆಗ ನಳಿಗೆ ಹೆಚ್ಚುಕಡಿಮೆ ಸೊನ್ನೆ ಡಿಗ್ರಿ. ಕೈ ಮರಗಟ್ಟಿತು. ಆಮೇಲೆ ಕತ್ತಲಾಗುವವರೆಗೂ ಮಾಂಸ ಹೊರುವ ಕೆಲಸ. ಮೂರು ಸಲ ಹತ್ತಿ ಇಳಿದೆವು.

2024ರ ಮಾರ್ಚ್ ಕೊನೆಗೆ ಊರಿಗೆ ಫೋನ್ ಮಾಡಿದ್ದೆ. ದೊಡ್ಡಪ್ಪ ತೀರಿಕೊಂಡು ಎಂಟು ವರ್ಷ. ಕೋವಿ ಈಗ ಅವರ ಮಗನ, ಅಂದರೆ ಅಣ್ಣನ ಹೆಸರಿಗಿದೆ. ಅದರ ಒಂದು ಫೋಟೊ ಕಳಿಸು, ಬ್ಲಾಗಿಗೆ ಬೇಕು ಅಂದೆ.

"ಕೋವಿ ಎಲ್ಲಿದೆ ಮಾರಾಯ, ಎಲೆಕ್ಷನ್ ಅಲ್ವಾ? ಸ್ಟೇಷನ್ನಿಗೆ ಕೊಟ್ಟು ರಶೀದಿ ತಂದಿದ್ದೇನೆ. ರಶೀದಿ ಫೋಟೊ ಬೇಕಾದ್ರೆ ಕಳಿಸ್ತೇನೆ" ಅಂದ.

ಅವನಿಗೆ ಎಲೆಯಡಿಕೆಯ ರಾತ್ರಿಯ ಕಥೆ ಹೇಳಿದೆ. ಹಿಂಗೈ ಮುಟ್ಟಿಸಿ ನೋಡಿದ್ದು, ಕೆಂಡ ಅಂದದ್ದು, ದೊಡ್ಡಪ್ಪನ ತಾಳ್ಮೆ, ನಾನು ಈಗ ಇಲ್ಲಿ ಹಾಗೇ ಮಾಡುತ್ತಿರುವುದು, ಎಲ್ಲ. ಅವನು ಆ ಕಡೆ ಜೋರಾಗಿ ನಕ್ಕ.

"ಕೆಂಡ ಇರ್ತದೆ, ಇಲ್ಲ ಅಂತ ಅಲ್ಲ. ಆದ್ರೆ ಆ ವರ್ಷ ಮದ್ದು ಸಿಗ್ತಾನೇ ಇರಲಿಲ್ಲ. ಡಬ್ಬಿ ತಳದಲ್ಲಿ ಎರಡು ಈಡಿನಷ್ಟು ಉಳಿದಿತ್ತು. ಅಪ್ಪ ಹಂದಿ ತಾನಾಗಿ ಹೋಗ್ಲಿ ಅಂತ ಕಾಯ್ತಾ ಇದ್ರು."